ಅವ್ವ ತುಳಿಯದ ವೃತ್ತ

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಚಿಗಟೇರಿಯಿಂದ ಹರಪನಹಳ್ಳಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಗಳಿಸಿದ್ದು. ಅದನ್ನು ಯಾರ ಮುಂದಾದರೂ ಎದೆಯೆತ್ತಿ ಹೇಳುತ್ತೇನೆ. ಇದನ್ನು ಮಾತ್ರ ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದೇನೆ.

ಹಗರಿಬೊಮ್ಮನಹಳ್ಳಿಯಲ್ಲಿ, ಮನೆ ಕಟ್ಟಿಸಿಕೊಡುವವರೊಬ್ಬರ ಆಫೀಸಿನಲ್ಲಿ ನನ್ನ ಕೆಲಸ. ಇನ್ನೂ ಕಟ್ಟದ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತೇನೆ. ಗಿರಾಕಿಗಳು ಡಬ್ಬಿಯಂಥ ದಪ್ಪ ಕನ್ನಡಕ ಹಾಕಿಕೊಂಡು ಆ ಮನೆಯೊಳಗೆ ನಿಜವಾಗಿ ಹೊಕ್ಕಂತೆ ಅಡ್ಡಾಡಬಹುದು. ಆದರೆ ಹೊಕ್ಕವರೆಲ್ಲ ದಾರಿ ತಪ್ಪಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅದಕ್ಕೇ ಪ್ರತಿ ಬಾಗಿಲ ಮುಂದೆ ನೆಲದ ಮೇಲೆ ಹೊಳೆಯುವ ಬಿಳಿ ವೃತ್ತ ಬರೆದೆ. ಅದನ್ನು ತುಳಿದರೆ ಸಾಕು, ಮುಂದಿನ ಕೋಣೆ ತೆರೆದುಕೊಳ್ಳುತ್ತದೆ.

“ಕಂಪ್ಯೂಟರ್ ಮುಟ್ಟದೋರು ಯಾರನ್ನರ ಕರ್ಕಂಡು ಬಾ,” ಎಂದರು ಮಾಲೀಕರು. “ಅವ್ರು ಅಡಿಗಿಮನಿ ತನಕ ಹೋದ್ರ ಇಟ್ಕಳ್ಳಾಣ. ಇಲ್ಲಾಂದ್ರ ಈ ಆಟ ಬ್ಯಾಡ.”

ನಾನು ಅವ್ವನನ್ನು ಕರೆತಂದೆ.

ಕನ್ನಡಕ ಹಾಕಿಕೊಂಡ ಅವ್ವ ತಲಬಾಗಿಲ ತನಕ ಸರಾಗ ನಡೆದಳು. ಅಲ್ಲಿ ಸೀರೆ ತುಸು ಎತ್ತಿಕೊಂಡು ವೃತ್ತದ ಬದಿಯಿಂದ ದಾಟಿದಳು. ಕೋಣೆ ತೆರೆಯಲಿಲ್ಲ. ಹಿಂದೆ ಸರಿದು ಇನ್ನೊಂದು ಬದಿಯಿಂದ ದಾಟಿದಳು.

“ಅವ್ವಾ, ಅದರ ಮ್ಯಾಲೆ ಕಾಲಿಡು.”

“ಯಾಕಿಡ್ಲಿ?”

“ತುಳಿ ಅಂದ್ರ ತುಳಿಬೇಕು! ಇಷ್ಟೂ ತಿಳಿಯಂಗಿಲ್ಲೇನು ನಿನಗ?”

“ಯಾರೋ ಪಾಪ ನಸುಕಿನ್ಯಾಗ ಎದ್ದು ಹಾಕಿದ ರಂಗೋಲಿ ಐತಿ. ಅವರ ಮನಿಗೇ ಬಂದು ಅದನ್ನ ತುಳೀಲೇನು?”

ಮಾಲೀಕರು ಬಿದ್ದು ಬಿದ್ದು ನಕ್ಕರು. “ಮನೀನ ಇಲ್ಲ ಯಮ್ಮಾ, ರಂಗೋಲಿ ಎಲ್ಲಿಂದ ಬಂತು!”

ನಾನೂ ನಕ್ಕೆ. ಅವ್ವನಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ನಗು ಬಂದ ಕಡೆ ತಿರುಗಿ ತಾನೂ ಸ್ವಲ್ಪ ನಕ್ಕಳು.

ಶಾಲೆಗೆ ಹೊತ್ತಾಯಿತೆಂದು ರಂಗೋಲಿ ತುಳಿದು ಓಡಿ, ಅವಳಿಂದ ಬೈಸಿಕೊಂಡು ಬೆಳೆದವಳು ನಾನು. ಬಾಗಿಲ ಮುಂದೆ ಬಿಳಿ ಗೆರೆ ಎಳೆಯುವಾಗ ಅದು ರಂಗೋಲಿಯಂತೆ ಕಂಡೀತೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ವೃತ್ತ ಅಳಿಸಿ ಆ ಜಾಗದಲ್ಲಿ ಹಾಸುಗಲ್ಲು ಹಾಕಿದೆ. ಮಾಲೀಕರ ತಾಯಿ ಕನ್ನಡಕ ಹಾಕಿಕೊಂಡು, ಕಲ್ಲಿನ ಮೇಲೆ ಕಾಲಿಡುತ್ತ, ಯಾರನ್ನೂ ಕೇಳದೆ ಅಡಿಗೆಮನೆ ಮುಟ್ಟಿದರು. ಮಾಲೀಕರು ಶಭಾಷ್ ಎಂದು ಒಪ್ಪಿಕೊಂಡರು. ಇದು ಯಾರಿಂದ ಹೊಳೆಯಿತೆಂದು ನಾನು ಬಾಯಿ ಬಿಡಲಿಲ್ಲ.

ಸಂಜೆ ಅವ್ವನ ಫೋನ್ ಬಂತು.

“ನನ್ನಿಂದ ನಿನ್ನ ಕೆಲ್ಸಕ್ಕೇನೂ ಧಕ್ಕಿ ಆಗಲಿಲ್ಲ ಹೌದಿಲ್ಲೋ? ನಿಮ್ಮ ಸಾಹೇಬ್ರಿಗೆ ಹೇಳವ್ವಾ, ಮುಂದಿನ ಸಲ ತುಳೀತಾಳಂತ.”

“ಏನೂ ಆಗಿಲ್ಲ ಬಿಡವ್ವ,” ಎಂದೆ. ಅಷ್ಟೇ ಅಂದೆ.