ಗಿಫ್ಟ್ ಕಾರ್ಡ್ ಮೇಷ್ಟ್ರು

ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಸಾಲಿನಲ್ಲಿ ನಿಂತವರೆಲ್ಲ ಮುಂದೆ ನಿಂತವರ ಬುಟ್ಟಿಯನ್ನು ನೋಡಿಯೇ ನೋಡುತ್ತಾರೆ. ನೋಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವವನಲ್ಲ. ಅಲ್ಲಿ ಮಾಡಲು ಬೇರೆ ಕೆಲಸವಿರುವುದಿಲ್ಲ, ಕಣ್ಣು ತಾನಾಗಿ ಹೋಗುತ್ತದೆ. ಓಟ್ಸ್ ಪೊಟ್ಟಣದ ಕೆಳಗೆ ಅಡಗಿಸಿಟ್ಟ ಬೆಣ್ಣೆ ಬಿಸ್ಕತ್ತು, ಬಗೆಬಗೆಯ ಶಾಂಪೂಗಳ ನಡುವೆ ಒಂಟಿಯಾಗಿ ಉರುಳಾಡುವ ನಿಂಬೆಹಣ್ಣು, ಎಲ್ಲವೂ ಒಂದೊಂದು ಮನೆಯ ಸಮಾಚಾರ ಹೇಳುತ್ತವೆ. ಆದರೆ ಕೆಲವು ಕಾಲ ನಾನು ಪರರ ಬುಟ್ಟಿಗಳನ್ನು ನೋಡಿದ ಬಗೆಯೇ ಬೇರೆ. ಸೈಟು ಬ್ರೋಕರ್ ಖಾಲಿ ಜಾಗ ನೋಡುವ ಹಾಗೆ ನೋಡುತ್ತಿದ್ದೆ. ಬಿಲ್ಲು ಎಷ್ಟಾದೀತು? ಈ ಮನುಷ್ಯ ಮಾತಿಗೆ ಸಿಕ್ಕಾನೆ? ಅದರ ಫಲವಾಗಿ ಈಗ ಸಹಕಾರನಗರದ ಆ ಅಂಗಡಿ ಬಂದರೆ ನಾನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತೇನೆ. ಕಾರಣ ಹೇಳುತ್ತೇನೆ. ನಿಮ್ಮಲ್ಲೇ ಇರಲಿ ಎಂದು ಕೇಳಿಕೊಳ್ಳುವ ಹಾಗೂ ಇಲ್ಲ, ಅರ್ಧ ಯಲಹಂಕಕ್ಕೆ ಆಗಲೇ ಗೊತ್ತಿದೆ.

ನಾನು ಯಲಹಂಕದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುವವನು. ಪ್ರತಿ ವರ್ಷ ಜೂನ್ ಬಂದರೆ ಹೊಸ ಮಕ್ಕಳ ಮುಂದೆ ನಿಂತು ಒಂದೇ ಮಾತು ಹೇಳುತ್ತೇನೆ: ಪಡೆದದ್ದನ್ನು ಒಂದು ಕಡೆ ಬರೆದರೆ, ಕೊಟ್ಟದ್ದು ಇನ್ನೊಂದು ಕಡೆ ಇದ್ದೇ ಇರಬೇಕು, ಇಲ್ಲದಿದ್ದರೆ ಎಲ್ಲೋ ತಪ್ಪಾಗಿದೆ, ಹುಡುಕಿ. ಇಷ್ಟು ವರ್ಷ ಇದನ್ನು ಹೇಳಿದ ಬಾಯಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸುಮ್ಮನೆ ತೆರೆದುಕೊಂಡು ಕೂತಿತು. ಕಂಪ್ಯೂಟರ್ ಕಲಿಸುವ ಪ್ರವೀಣ್ ಮಾತಾಡುತ್ತಿದ್ದ.

"ಸರ್, ಅಕೌಂಟ್ಸ್ ಮೇಷ್ಟ್ರಾಗಿ ನೀವಿನ್ನೂ ದುಡ್ಡು ಕೊಟ್ಟು ಫ್ಲೈಟ್ ಟಿಕೆಟ್ ತಗೋತೀರಾ?"

ಅವನು ವಿವರಿಸಿದ ಪಾಠ ಸರಳವಾಗಿತ್ತು. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದರೆ ಪಾಯಿಂಟು ಬರುತ್ತದೆ. ಕಾರ್ಡ್ ಕಂಪನಿಯ ತಾಣದಲ್ಲೇ ಅಂಗಡಿಗಳ ಗಿಫ್ಟ್ ಕಾರ್ಡ್ ಕೊಂಡರೆ ಆ ಪಾಯಿಂಟು ಹಲವು ಪಟ್ಟು. ಗಿಫ್ಟ್ ಕಾರ್ಡ್ ಎಂದರೆ ಮೊದಲೇ ಹಣ ಕಟ್ಟಿ ಪಡೆದ ಒಂದು ಸಂಖ್ಯೆ, ಅಂಗಡಿಯಲ್ಲಿ ತೋರಿಸಿದರೆ ಅಷ್ಟು ಬೆಲೆಯ ಸಾಮಾನು ಕೊಡುತ್ತಾರೆ. ಆ ಕಾರ್ಡನ್ನು ಹೇಗಾದರೂ ಮಾಡಿ ಮತ್ತೆ ದುಡ್ಡಾಗಿಸಿಕೊಂಡು, ಅದೇ ದುಡ್ಡಿನಿಂದ ಕ್ರೆಡಿಟ್ ಕಾರ್ಡಿನ ಬಿಲ್ಲು ಕಟ್ಟಿಬಿಟ್ಟರೆ, ಖರ್ಚು ಮಾಡಿದ ಹಾಗೂ ಆಯಿತು, ಮಾಡದ ಹಾಗೂ ಆಯಿತು. ಪಾಯಿಂಟು ಮಾತ್ರ ಮಜ್ಜಿಗೆಯ ಮೇಲಿನ ಬೆಣ್ಣೆಯಂತೆ ಉಳಿಯುತ್ತದೆ. ಅದನ್ನು ಕೊಟ್ಟರೆ ವಿಮಾನದಲ್ಲಿ ಮುಂದಿನ ಸಾಲಿನ ಸೀಟು. "ಹೇಗಾದರೂ ಮಾಡಿ" ಎಂಬುದನ್ನು ಪ್ರವೀಣ್ ಬಹಳ ಬೇಗ ಹೇಳಿ ದಾಟಿದ. ನಾನೂ ಅಷ್ಟೇ ಬೇಗ ಕೇಳಿಸಿಕೊಂಡು ದಾಟಿದೆ.

ನನಗೊಂದು ಒಳ್ಳೆಯ ನೆಪವೂ ಇತ್ತು. ನಮ್ಮ ಮನೆಯ ಮೇಲೆ ವಿಮಾನಗಳು ತಗ್ಗಿ ಹಾರುತ್ತವೆ. ನನ್ನ ಹೆಂಡತಿ ವಸುಧಾ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು. ಒಮ್ಮೆ ತಾರಸಿಯಲ್ಲಿ ಬಟ್ಟೆ ಹರವುತ್ತಾ ತಲೆಯೆತ್ತಿ, "ಆ ಮುಂದಿನ ಸೀಟಲ್ಲಿ ಕಾಲು ಪೂರ್ತಿ ಚಾಚ್ಕೊಂಡು ಮಲಗ್ಬೋದಂತೆ ಕಣ್ರೀ" ಎಂದಿದ್ದಳು. ಅಷ್ಟೇ. ನಾನು ಅದನ್ನು ಅರ್ಜಿ ಎಂದು ಸ್ವೀಕರಿಸಿ, ಪ್ರವೀಣ್ ಹೇಳಿದ ಕಾರ್ಡು ಮಾಡಿಸಿಕೊಂಡೆ. ನಿಜ ಹೇಳಬೇಕೆಂದರೆ ಪಾಯಿಂಟು ಏರುವುದನ್ನು ನೋಡಲು ಶುರುಮಾಡಿದ ಮೇಲೆ ವಸುಧಾಳ ಕಾಲು ನನಗೆ ಅಷ್ಟಾಗಿ ನೆನಪಾಗಲಿಲ್ಲ. ಬಸ್ಸಿನಲ್ಲಿ ಕೂತರೆ ಪಾಯಿಂಟು ನೋಡುತ್ತಿದ್ದೆ, ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ಮೇಲೆ ಕಣ್ಣಿಡಬೇಕಾದಾಗ ಪಾಯಿಂಟು ನೋಡುತ್ತಿದ್ದೆ. ಜಗತ್ತಿನಲ್ಲಿ ಎಲ್ಲರೂ ಪೆದ್ದರಂತೆ ಹಣ ಕೊಟ್ಟು ಬದುಕುತ್ತಿದ್ದಾರೆ, ಗುಟ್ಟು ಗೊತ್ತಿರುವುದು ಪ್ರವೀಣನಿಗೆ ಮತ್ತು ನನಗೆ ಮಾತ್ರ ಎಂಬ ಹಮ್ಮು ಮೈಯೆಲ್ಲ ತುಂಬಿತ್ತು.

ತೊಡಕು ಶುರುವಾದದ್ದು ಅಡಿಗೆಮನೆಯಲ್ಲಿ. ಇಬ್ಬರೇ ಇರುವ ಮನೆ ಎಷ್ಟು ಬೇಳೆ ತಿಂದೀತು? ಕಾರ್ಡುಗಳನ್ನು ಖಾಲಿ ಮಾಡಲು ನಾನು ತಂದು ಪೇರಿಸಿದ ಎಣ್ಣೆ, ಸೋಪಿನ ಪುಡಿ, ಗೋಡಂಬಿ ಮಂಚದ ಕೆಳಗೂ ಹೋಗಿ ಕೂತವು.

"ಏನ್ರೀ, ನಮ್ಮನೇಲಿ ಯಾರದಾದ್ರೂ ಮದುವೆ ಇದ್ಯಾ?" ಎಂದು ವಸುಧಾ ಕೇಳಿದಳು.

"ಆಫರ್ ಇತ್ತು," ಎಂದೆ.

ನಮ್ಮ ಕನ್ನಡ ಮೇಷ್ಟ್ರು ಒಮ್ಮೆ ಯಾವುದೋ ಮಾತಿಗೆ "ಬಿಟ್ಟಿ" ಎಂಬ ಪದದ ಹುಟ್ಟು ಹೇಳಿದ್ದರು. ಅದು ಸಂಸ್ಕೃತದ "ವಿಷ್ಟಿ"ಯಿಂದ ಬಂದದ್ದಂತೆ. ವಿಷ್ಟಿ ಎಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ನಾವೀಗ ಅದನ್ನು ಪುಕ್ಕಟೆ ಎಂಬ ಅರ್ಥದಲ್ಲಿ ಬಳಸಿದರೂ ಬಿಟ್ಟಿ ಚಾಕರಿಯಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಕಾಲೇಜು ಮುಗಿಸಿ, ಎರಡು ಬಸ್ಸು ಬದಲಿಸಿ, ಬೇಡದ ಗೋಡಂಬಿಯನ್ನು ಹೊತ್ತು ಮನೆಗೆ ಬರುತ್ತಿದ್ದ ನನ್ನಲ್ಲಿ ಆ ಪದದ ಎರಡು ಅರ್ಥಗಳೂ ಒಟ್ಟಿಗೆ ನಡೆದಾಡುತ್ತಿದ್ದವು.

ಗಿಫ್ಟ್ ಕಾರ್ಡನ್ನು ಹಿಂತಿರುಗಿಸುವ ಹಾಗಿಲ್ಲ. ಅದಕ್ಕೊಂದು ಅವಧಿ ಬೇರೆ. ಕ್ರೆಡಿಟ್ ಕಾರ್ಡಿನ ಬಿಲ್ಲು ಮಾತ್ರ ತನ್ನ ದಿನಕ್ಕೆ ಸರಿಯಾಗಿ ಬರುತ್ತದೆ, ತಪ್ಪಿದರೆ ಹಾಕುವ ಬಡ್ಡಿಯ ಮುಂದೆ ಪಾಯಿಂಟು ಯಾವ ಲೆಕ್ಕಕ್ಕೂ ಇಲ್ಲ. ಸಂಬಳಕ್ಕಿಂತ ಖರ್ಚು ದೊಡ್ಡದಾಗಿ ಕಂಡರೆ ಆದಾಯ ತೆರಿಗೆಯವರು ವಿಚಾರಿಸುವ ಸಾಧ್ಯತೆಯೂ ಉಂಟು. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡೆ. ಪ್ರವೀಣ್ ತನ್ನ ಕಾರ್ಡುಗಳನ್ನು ಫೋನಿನ ಗುಂಪೊಂದರಲ್ಲಿ ಅಪರಿಚಿತರಿಗೆ ಮಾರುತ್ತಿದ್ದ. ಒಬ್ಬ ಸಂಖ್ಯೆ ಪಡೆದು, ಹಣ ಹಾಕದೆ ಮಾಯವಾದ ಮೇಲೆ ಅವನೂ ಮಂಕಾದ. ನನಗೆ ಆ ದಾರಿಗೆ ಧೈರ್ಯ ಬರಲಿಲ್ಲ. ಹಾಗಾಗಿ ಬಿಲ್ಲಿಂಗ್ ಸಾಲಿಗೆ ಇಳಿದೆ. ನಿಮ್ಮ ಬಿಲ್ಲನ್ನು ನನ್ನ ಗಿಫ್ಟ್ ಕಾರ್ಡಿನಲ್ಲಿ ಕಟ್ಟುತ್ತೇನೆ, ನೀವು ಆ ಹಣವನ್ನು ನನ್ನ ಫೋನಿಗೆ ಹಾಕಿಬಿಡಿ ಎಂದು ಜನರನ್ನು ಕೇಳುವುದು.

ಕಾಗದದ ಮೇಲೆ ಇದರಲ್ಲಿ ಯಾರಿಗೂ ನಷ್ಟವಿಲ್ಲ. ಆದರೆ ತಲೆ ನರೆತ, ಇಸ್ತ್ರಿ ಅಂಗಿಯ ಗಂಡಸೊಬ್ಬ ಹತ್ತಿರ ಬಂದು ಹೀಗೆ ಪಿಸುಗುಟ್ಟಿದರೆ ಜನ ಏನೆಂದುಕೊಂಡಾರು? ಒಬ್ಬಾಕೆ ಕೈಚೀಲವನ್ನು ಎದೆಗೊತ್ತಿಕೊಂಡು ಬೇರೆ ಸಾಲಿಗೆ ಹೋದಳು. ಒಬ್ಬ ಹಿರಿಯರು ನಾನು ಪುಣ್ಯಕ್ಕೆ ಬಿಲ್ಲು ಕಟ್ಟುವವನೆಂದು ತಿಳಿದು, "ದೇವರು ಒಳ್ಳೇದ್ ಮಾಡ್ಲಪ್ಪ" ಎಂದು ಹರಸಿ, ಹಣ ಹಾಕದೆ ಹೊರಟೇಬಿಟ್ಟರು. ಅವರ ಹಿಂದೆ ಓಡಿ ಆಶೀರ್ವಾದಕ್ಕೆ ಬದಲಾಗಿ ದುಡ್ಡು ವಸೂಲು ಮಾಡಿದ ಸಂಜೆಯೂ ನನ್ನ ಬಾಳಿನಲ್ಲಿ ಬಂದುಹೋಗಿದೆ.

ಇಂಥದೇ ಒಂದು ಸಂಜೆ ಮುಂದೆ ನಿಂತಿದ್ದ ಹೆಂಗಸಿನ ಬುಟ್ಟಿ ತುಂಬಿ ತುಳುಕುತ್ತಿತ್ತು. "ಮೇಡಂ, ನಿಮ್ಮ ಬಿಲ್ ನಾನು ಕಟ್ಲಾ?" ಎಂದು ಶುರುಮಾಡಿದೆ. ಆಕೆ ತಿರುಗಿದಳು.

"ಸರ್! ನೀವಾ?"

ನಾಗವೇಣಿ. ಹಿಂದೆ ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತಿದ್ದವಳು. ಈಗ ಆರ್.ಟಿ. ನಗರದಲ್ಲಿ ಆಡಿಟರೊಬ್ಬರ ಕಚೇರಿಯಲ್ಲಿದ್ದಾಳೆ. ಪಾಯಿಂಟಿನ ಕತೆಯನ್ನು ನಾನು ಅಲ್ಲೇ ಹೇಳಿ ನಕ್ಕುಬಿಡಬಹುದಿತ್ತು. ಆದರೆ ನನ್ನದೇ ಶಿಷ್ಯೆಯ ಎದುರು ಆಸೆಬುರುಕನಾಗಿ ಕಾಣುವುದು ಬೇಡವಾಯಿತು. "ಏನಿಲ್ಲಮ್ಮ... ಮನೇಲಿ ಸ್ವಲ್ಪ... ಈ ಕಾರ್ಡನ್ನ ಕ್ಯಾಶ್ ಮಾಡ್ಕೋಬೇಕಿತ್ತು" ಎಂದು ತಡವರಿಸಿದೆ. ಆ ಅರ್ಧ ವಾಕ್ಯವನ್ನು ಅವಳು ತನ್ನ ಮನಸ್ಸಿನಂತೆ ತುಂಬಿಕೊಂಡಳು. ಅವಳ ಮುಖ ಕರಗಿದ್ದನ್ನು ಕಂಡೆ. ಕಂಡೂ ತಿದ್ದಲಿಲ್ಲ. ಬಿಲ್ಲಿಗಿಂತ ಹೆಚ್ಚೇ ಹಣ ಹಾಕಿ, "ಇರ್ಲಿ ಬಿಡಿ ಸರ್" ಎಂದು ತಲೆ ತಗ್ಗಿಸಿಕೊಂಡು ಹೋದಳು. ಬಡವನಂತೆ ಕಾಣುವುದು ದುರಾಸೆಯವನಂತೆ ಕಾಣುವುದಕ್ಕಿಂತ ಗೌರವದ್ದು ಎಂದು ಆ ಕ್ಷಣ ನನ್ನ ಬುದ್ಧಿ ತೀರ್ಮಾನಿಸಿತ್ತು.

ಅದೇ ವಾರ ಕಾರ್ಡ್ ಕಂಪನಿಯಿಂದ ಸಂದೇಶ ಬಂತು. ನಿಮ್ಮ ಖರೀದಿಗಳು ಸ್ವಂತ ಬಳಕೆಗಾಗಿ ಎಂದು ತೋರುವುದಿಲ್ಲ, ಕಾರ್ಡು ಮತ್ತು ಪಾಯಿಂಟುಗಳನ್ನು ಪರಿಶೀಲನೆಗಾಗಿ ತಡೆಹಿಡಿಯಲಾಗಿದೆ. ತಡೆಹಿಡಿಯದೆ ಬಿಟ್ಟದ್ದು ಬಿಲ್ಲನ್ನು ಮಾತ್ರ. ಖಾತೆಯಲ್ಲಿ ಅಷ್ಟು ಹಣವಿರಲಿಲ್ಲ, ಅದೆಲ್ಲ ಫೋನಿನಲ್ಲಿ ಅಕ್ಕಿಬೇಳೆಗಷ್ಟೇ ಸಲ್ಲುವ ಗಿಫ್ಟ್ ಕಾರ್ಡಿನ ಸಂಖ್ಯೆಗಳಾಗಿ ಕೂತಿತ್ತು.

ಭಾನುವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ವಸುಧಾ ಬಾಗಿಲು ತೆಗೆದಳು. ನಾಗವೇಣಿ ನಿಂತಿದ್ದಳು, ಜೊತೆಗೆ ಅವಳದೇ ಬ್ಯಾಚಿನ ಮಂಜುನಾಥ. ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆಯವನು, ಅಪ್ಪನ ಜಮೀನಿನ ಮೇಲೆ ಈಗ ಅಪಾರ್ಟ್‌ಮೆಂಟು ಕಟ್ಟಿಸುತ್ತಿದ್ದಾನೆ. ಕೂತು, ಗಂಟಲು ಸರಿಮಾಡಿಕೊಂಡು, ಟೀಪಾಯಿಯ ಮೇಲೆ ಒಂದು ಕವರ್ ಇಟ್ಟ.

"ಸಾ, ತಪ್ ತಿಳ್ಕಾಬೇಡಿ. ನಮ್ ಬ್ಯಾಚ್ನೋರೆಲ್ಲ ಸೇರಿ ಒಂದೀಟು ಮಾಡಿದೀವಿ. ಇಂಗೆ ಕಷ್ಟ ಐತೆ ಅಂತ ನಮಗ್ ಒಂದ್ ಮಾತು ಏಳ್ಬಾರ್ದಾ?"

"ಏನ್ ಕಷ್ಟ?" ಎಂದಳು ವಸುಧಾ.

ಮಂಜುನಾಥ ನಾಗವೇಣಿಯ ಕಡೆ ತಿರುಗಿದ. ನಾಗವೇಣಿಯೇ ಮೆಲ್ಲಗೆ, "ನಮ್ಮ ಬ್ಯಾಚಿನ ಅಯೂಬ್‌ಗೆ ಬರೋದಕ್ಕಾಗ್ಲಿಲ್ಲ ಸರ್, ಗ್ಯಾರೇಜ್ ಬಿಟ್ಟು. ಮೊದ್ಲು ಕಳ್ಸಿದ್ದು ಅವ್ನೇ. ಮಗಳ ಸ್ಕೂಲ್ ಫೀಸಿಗೆ ಇಟ್ಟಿದ್ನಂತೆ, ಸರ್‌ಗಿಂತ ಹೆಚ್ಚಾ ಅಂದ" ಎಂದಳು.

ವಸುಧಾ ನನ್ನನ್ನು ಒಮ್ಮೆ ನೋಡಿ, "ಕಾಫಿ ತರ್ತೀನಿ" ಎಂದು ಒಳಗೆ ಹೋದಳು. ಒಲೆ ಹಚ್ಚಿದ ಸದ್ದು ಬರಲಿಲ್ಲ. ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಾಳೆಂದು ನನಗೆ ಗೊತ್ತಾಯಿತು.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಆ ಕವರಿನ ದಪ್ಪ ನೋಡಿ ನನ್ನ ತಲೆ ಬಿಲ್ಲಿನ ಲೆಕ್ಕ ಹಾಕಿತು. ಸದ್ಯಕ್ಕೆ ತೆಗೆದುಕೊಂಡು, ಆಮೇಲೆ ಸದ್ದಿಲ್ಲದೆ ಹಿಂದಿರುಗಿಸಿದರೆ ಹೇಗೆ? ಹೆಚ್ಚು ಹೊತ್ತಲ್ಲ, ಉಸಿರೆಳೆದು ಬಿಡುವಷ್ಟು ಹೊತ್ತು. ಆದರೆ ಅಷ್ಟು ಹೊತ್ತು ಅಯೂಬನ ಮಗಳ ಫೀಸಿನ ಪಕ್ಕದಲ್ಲಿ ನನ್ನ ಪಾಯಿಂಟು ಕೂತಿತ್ತು. ಹಾಗೆ ಕೂತದ್ದನ್ನು ನೋಡಿದ ಮೇಲೆ ನನಗೆ ಮೈಮೇಲೆ ಬಟ್ಟೆ ಇಲ್ಲದ ಹಾಗಾಯಿತು.

ಎಲ್ಲ ಹೇಳಿದೆ. ಕಾರ್ಡು, ಪಾಯಿಂಟು, ಮಂಚದ ಕೆಳಗಿನ ಗೋಡಂಬಿ, ಮುಂದಿನ ಸಾಲಿನ ಸೀಟು. ಮುಗಿದಾಗ ಮಂಜುನಾಥ ತಡೆಯಲಾಗದೆ ನಕ್ಕ. "ಅಯ್ಯೋ ಸಾ! ನಾವ್ ಏನೇನೋ ಅಂದ್ಕಂಡಿದ್ವಿ. ಅಮ್ಮೋರಿಗೆ ಕಾಯ್ಲೆ ಅಂತ ಒಬ್ನಂದ, ನೀವು ಜೂಜಾಡಿ ಕಳ್ಕಂಡಿದೀರ ಅಂತ ಇನ್ನೊಬ್ನಂದ."

ಎರಡನೆಯವನು ನಿಜದಿಂದ ಹೆಚ್ಚು ದೂರ ಹೋಗಿರಲಿಲ್ಲ ಎಂದುಕೊಂಡೆ.

ನಾಗವೇಣಿ ನಗಲಿಲ್ಲ. "ಆವತ್ತು ಮನೆಗೆ ಹೋಗಿ ಅತ್ಬಿಟ್ಟೆ ಸರ್" ಎಂದಳು. ಅಷ್ಟು ಹೇಳಿ ಕವರನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. "ಇದನ್ನ ಎಲ್ಲರಿಗೂ ವಾಪಸ್ ಕಳಿಸ್ಬೇಕು. ಏನಂತ ಹೇಳ್ಲಿ?"

ಕಷ್ಟ ಪರಿಹಾರವಾಯಿತೆಂದು ಹೇಳು ಎನ್ನುವ ಆಸೆ ಗಂಟಲವರೆಗೆ ಬಂತು. "ನಿಜಾನೇ ಹೇಳಮ್ಮ" ಎಂದೆ. ಅರ್ಧ ಯಲಹಂಕಕ್ಕೆ ಗೊತ್ತಾದದ್ದು ಹೀಗೆ.

ಅವರು ಹೊರಟ ಮೇಲೆ ವಸುಧಾ ಬಂದು ಎದುರಿಗೆ ಕೂತಳು. ಬೈಯಲಿಲ್ಲ. "ನಾನು ಯಾವಾಗ್ರೀ ಕೇಳಿದ್ದೆ ಟಿಕೆಟ್ಟು?"

"ಕೇಳಿರ್ಲಿಲ್ಲ."

"ಮತ್ತೆ ನನ್ನ ಕಾಲ್ಯಾಕೆ ಎಳೆದ್ರಿ ಇದಕ್ಕೆ? ನನಗೋಸ್ಕರ ಅನ್ಬೇಡಿ. ನಿಮಗೆ ಚೆನ್ನಾಗಿತ್ತು, ಆಡಿದ್ರಿ."

ನನ್ನ ಇಡೀ ವ್ಯವಹಾರದಲ್ಲಿ ಸರಿಯಾಗಿ ಬರೆದ ನಮೂದು ಅದೊಂದೇ.

ಉಳಿದ ಗಿಫ್ಟ್ ಕಾರ್ಡುಗಳಿಗೆ ದಾರಿ ತೋರಿದ್ದು ಮಂಜುನಾಥ. ಅವನ ಕಟ್ಟಡದ ಕೆಲಸಗಾರರಿಗೆ ದಿನವೂ ಅಡಿಗೆಯಾಗಬೇಕು, ಅಕ್ಕಿ ಎಲ್ಲಿಂದ ತಂದರೂ ಅಕ್ಕಿಯೇ. ಕಾರ್ಡಿನ ಸಂಖ್ಯೆಗಳು ನನ್ನ ಫೋನಿನಲ್ಲಿದ್ದುದರಿಂದ ನಾನೇ ಜೊತೆಗೆ ಹೋಗಿ, ಅಕ್ಕಿಮೂಟೆಯ ಗಾಡಿ ತಳ್ಳಿ, ಅದೇ ಕೌಂಟರಿನಲ್ಲಿ ನಿಂತೆ. ಅಲ್ಲಿದ್ದವರು ಆಗಲೇ ನನ್ನನ್ನು ಗುರುತು ಹಿಡಿಯುತ್ತಿದ್ದರು. "ಗಿಫ್ಟ್ ಕಾರ್ಡ್ ಮೇಷ್ಟ್ರು ಬಂದ್ರು" ಎಂದು ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳಿದ್ದು ಕೇಳಿಸಿತು. ಮಂಜುನಾಥ ಪೂರ್ತಿ ಹಣ ಹಾಕಿದ, ಕ್ರೆಡಿಟ್ ಕಾರ್ಡಿನ ಬಿಲ್ಲು ಕಟ್ಟಿದೆ. ಪರಿಶೀಲನೆ ಮುಗಿಸಿದ ಕಂಪನಿ ಪಾಯಿಂಟುಗಳನ್ನೆಲ್ಲ ವಾಪಸ್ಸು ಪಡೆದು ಕಾರ್ಡನ್ನು ಮುಚ್ಚಿತು. ಅಯೂಬನ ಗ್ಯಾರೇಜಿಗೆ ಹೋಗಿ ಕ್ಷಮೆ ಕೇಳಿದಾಗ ಅವನು ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಅಯ್ಯೋ ಬಿಡಿ ಸರ್, ನಿಮಗೆ ಕಷ್ಟ ಇಲ್ಲ ಅಲ್ವಾ, ಅದೇ ಖುಷಿ" ಎಂದ. ಅವನು ಬೈದಿದ್ದರೆ ಮನೆಗೆ ಬರುವ ದಾರಿ ಅಷ್ಟು ಉದ್ದವಾಗುತ್ತಿರಲಿಲ್ಲ.

ನಾಗವೇಣಿ ಮಾತ್ರ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ, ಮಾಡಿ ಹೇಳುವುದೇನು? ಮಳೆಗಾಲ ಕಳೆದ ಮೇಲೆ ಒಂದು ದಿನ ಅವಳೇ ಮಾಡಿದಳು. ಬಿಗುವಾಗಿಯೇ ಮಾತಾಡಿದಳು. "ಸರ್, ನಮ್ಮ ಯಜಮಾನ್ರೂ ಇದೇ ಶುರು ಮಾಡ್ಕೊಂಡಿದಾರೆ. ನನ್ನ ಮಾತು ಕೇಳಲ್ಲ. ನೀವೊಂದ್ಸಲ ಬಂದು ನಿಮ್ಮ ಕತೆ ಹೇಳ್ಬೇಕು. ಪೂರ್ತಿ ಹೇಳ್ಬೇಕು."

ವಸುಧಾಳನ್ನೂ ಕರೆದುಕೊಂಡು ಹೋದೆ. ನಾಗವೇಣಿಯ ಗಂಡ ಸಜ್ಜನ, ಅಷ್ಟು ಗಮನವಿಟ್ಟು ಕೇಳುವವರು ನನ್ನ ತರಗತಿಯಲ್ಲಿ ಈಚೆಗೆ ಸಿಕ್ಕಿಲ್ಲ. ಏನೂ ಮುಚ್ಚಿಡದೆ ಹೇಳಿದೆ. ಆಶೀರ್ವಾದ ಮಾಡಿದ ಹಿರಿಯರ ಹಿಂದೆ ಓಡಿದ್ದನ್ನು ಹೇಳುವಾಗ ನಾಗವೇಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತಡೆಯಲಾಗದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆ ನಗುವಿಗಾಗಿ ಇನ್ನೊಮ್ಮೆ ಬೇಕಾದರೂ ಎಲ್ಲವನ್ನೂ ಹೇಳುತ್ತಿದ್ದೆ.

ಹೊರಡುವಾಗ ಹೆಂಗಸರಿಬ್ಬರೂ ಮುಂದೆ ಗೇಟಿನ ಹತ್ತಿರ ಮಾತಾಡುತ್ತಾ ನಿಂತಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆ ಸಜ್ಜನ ಪಕ್ಕಕ್ಕೆ ಬಂದು, ಹೆಂಡತಿಗೆ ಕೇಳಿಸದ ಹಾಗೆ, "ಸರ್, ಅಂದ ಹಾಗೆ ಆ ಕಾರ್ಡ್ ಯಾವುದು?" ಎಂದ.

ಕಾರ್ಡಿನ ಹೆಸರು, ವಾರ್ಷಿಕ ಶುಲ್ಕ, ಯಾವ ಅಂಗಡಿಗೆ ಎಷ್ಟು ಪಟ್ಟು ಪಾಯಿಂಟು, ಎಲ್ಲವೂ ಒಂದನ್ನೊಂದು ತಳ್ಳಿಕೊಂಡು ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಹೇಳಲು ಎಷ್ಟು ಆಸೆಯಾಯಿತೆಂದರೆ, ಇಷ್ಟು ದಿನ ಪಟ್ಟ ನಾಚಿಕೆ ಆ ಆಸೆಯ ಮೊಣಕಾಲಿಗೂ ಬರಲಿಲ್ಲ.

"ವಸು," ಎಂದು ಗಟ್ಟಿಯಾಗಿ ಕೂಗಿದೆ, "ಸ್ವಲ್ಪ ಇಲ್ಲಿ ಬಾ."