ಚಿಲಕವಿಲ್ಲದ ಬಾಗಿಲಿಗೆ ಬೀಗ

2008ರಲ್ಲಿ ನಾನು ರೋಣ ಸೀಮೆಯ ಒಂದು ಕೋರ್ಟಿನಲ್ಲಿ ಬೇಲಿಫ್ ಆಗಿದ್ದೆ. ಸಮನ್ಸು, ನೋಟಿಸುಗಳನ್ನು ಮನೆಗೆ ಒಯ್ದು ಮುಟ್ಟಿಸಿ ಸಹಿ ತರುವುದು, ಮುಟ್ಟದಿದ್ದರೆ ಕಾರಣವನ್ನು ಅದರ ಹಿಂದೆ ಷರಾ ಆಗಿ ಬರೆಯುವುದು ನನ್ನ ಕೆಲಸ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಒಂದೇ ಒಂದು ಸಲ ಸುಳ್ಳು ಷರಾ ಬರೆದೆ. ಕಾರಣ ಹೊಟ್ಟೆಕಿಚ್ಚು.

ಆ ವರ್ಷ ಜುಲೈನಲ್ಲಿ ಲಂಡನ್ನಿನ ಕುಟುಂಬ ನ್ಯಾಯಾಲಯದಿಂದ ದಪ್ಪನೆಯ ಲಕೋಟೆಯೊಂದು ಬಂತು. ದೆಹಲಿ, ಗದಗಗಳ ಮೊಹರು ಬಡಿಸಿಕೊಂಡು ನನ್ನ ಕೈ ಸೇರಿತ್ತು. ನರಗುಂದದ ಸುಜಾತಾ, ಗಜೇಂದ್ರಗಡದ ಶ್ರೀಕಾಂತ ಗಂಡ ಹೆಂಡತಿ. ಇಬ್ಬರೂ ಲಂಡನ್ನಿನಲ್ಲಿ ನರ್ಸ್. ಮನಸ್ತಾಪವಾಗಿ, ರಜೆಯ ನೆಪದಲ್ಲಿ ಎರಡೂವರೆ ವರ್ಷದ ಮಗಳನ್ನು ಊರಿಗೆ ಕರೆತಂದ ಶ್ರೀಕಾಂತ ತಿರುಗಿ ಹೋಗಿರಲಿಲ್ಲ. ಹೀಗೆ ತಂದೆಯೋ ತಾಯಿಯೋ ದೇಶ ದಾಟಿಸಿದ ಮಕ್ಕಳನ್ನು ಹಿಂದಿರುಗಿಸುವ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಪರದೇಶದ ನೋಟಿಸು ಮುಟ್ಟಿಸಿಕೊಡುವ ಬೇರೊಂದು ಒಪ್ಪಂದಕ್ಕೆ ಮಾತ್ರ ಆಗಷ್ಟೇ ಸೇರಿತ್ತು. ಹಾಗಾಗಿ ಈ ಕಾಗದವೇ ಆ ತಾಯಿಯ ಮೊದಲ ಮೆಟ್ಟಿಲು. ಇದು ಮುಟ್ಟಿದ ಪುರಾವೆ ಬರುವ ತನಕ ಅಲ್ಲಿನ ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇರುತ್ತಿತ್ತು.

ಓದುತ್ತ ಓದುತ್ತ ನನ್ನ ಮೈ ಉರಿಯಿತು. ಮೂರು ವರ್ಷದ ಹಿಂದೆ ನನ್ನ ಹೆಂಡತಿಯೂ ಮಗಳು ಶಬಾನಾಳನ್ನು ಕರೆದುಕೊಂಡು ಕೊಣ್ಣೂರಿನ ತವರಿಗೆ ಹೋಗಿದ್ದಳು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಊರು. ಆದರೆ ಅವಳ ಅಣ್ಣಂದಿರು ನನಗೆ ಹೊಸ್ತಿಲು ತುಳಿಯಗೊಡಲಿಲ್ಲ. ಕೋರ್ಟಿನವನೇ ಕೋರ್ಟಿನಲ್ಲಿ ಹೆಸರು ಕೂಗಿಸಿಕೊಳ್ಳುವುದೆಂದರೆ ನಾಚಿಕೆಗೇಡೆಂದು ನಾನು ಅರ್ಜಿಯನ್ನೂ ಹಾಕಿರಲಿಲ್ಲ. ಈ ಸುಜಾತಾಳಿಗಾದರೆ ಎರಡು ಸರಕಾರಗಳು ಸಮುದ್ರ ದಾಟಿ ಓಡಾಡುತ್ತಿವೆ, ಆ ಕಾಗದ ಹೊರುವ ಎತ್ತು ನಾನು!

ಗಜೇಂದ್ರಗಡದ ಕೋಟೆ ಗುಡ್ಡದ ಕೆಳಗೆ ಆ ಮನೆ. ಬಾಗಿಲ ಒಳಗೇ ಮಗ್ಗ. ಶ್ರೀಕಾಂತನ ತಾಯಿ ಗೌರವ್ವ ನೇಯುತ್ತಿದ್ದರು, ಮೊಮ್ಮಗಳು ಪಕ್ಕದಲ್ಲಿ ನೂಲು ಹರವಿಕೊಂಡು ಕುಳಿತಿತ್ತು. ಮಗ ಹುಬ್ಬಳ್ಳಿಗೆ ಹೋಗಿದ್ದ. ಮನೆಯಲ್ಲಿರುವ ದೊಡ್ಡವರು ಯಾರು ಸಹಿ ಮಾಡಿದರೂ ನಡೆಯುತ್ತದೆಂದು ಹೇಳಿದೆ.

"ಸಹಿ ಮಾಡಿದ್ರ ಕೂಸಿನ್ನ ಒಯ್ತಾರೇನ್ರಿ?"

"ಅದಕ್ಕಿನ್ನೂ ಭಾಳ ದಾರಿ ಐತ್ರಿ."

"ಹಂಗಾರ ಮನಿಗೆ ಬೀಗ ಇತ್ತಂತ ಬರದಬಿಡ್ರಿ. ಪುಣ್ಯಾ ಬರ್ತೈತಿ ನಿಮಗ."

ಮಗು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಿತು. ಶಬಾನಾ ಈಗ ಯಾರ ತೊಡೆಯ ಮೇಲೆ ಮಲಗುತ್ತಾಳೋ ಎಂದುಕೊಂಡೆ. ನನಗೆ ಸಿಗದ್ದು ಆ ಲಂಡನ್ನಿನವಳಿಗೆ ಯಾಕೆ ಸಿಗಬೇಕು? ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು, "ಮನೆಗೆ ಬೀಗ ಹಾಕಿದೆ, ಯಾರೂ ಸಿಗಲಿಲ್ಲ" ಎಂದು ಬರೆದೆ. ಲಕೋಟೆ ಬಂದ ದಾರಿಯಲ್ಲೇ ವಾಪಸು ಹೋಯಿತು.

ಹತ್ತು ತಿಂಗಳ ಮೇಲೆ ಎರಡನೆಯ ನೋಟಿಸು ಬಂತು. ಈ ಸಲ ಅತ್ತೆಗೆಂದು ಸುಜಾತಾ ಕೈಯಾರೆ ಬರೆದ ಒಂದು ಹಾಳೆಯೂ ಜೊತೆಗಿತ್ತು. ನ್ಯಾಯಾಧೀಶರು ನನ್ನನ್ನು ಕರೆದು ಅದನ್ನು ಗಟ್ಟಿಯಾಗಿ ಓದಿದರು.

"ಅತ್ತೀ, ಮನಿಗೆ ಬೀಗ ಇತ್ತಂತ ಬರದು ಕಳಿಸ್ಯಾರ. ನಮ್ಮ ಬಾಗಲಕ್ಕ ಹೊರಗ ಚಿಲಕಾನ ಇಲ್ಲಲ್ರಿ. ಮಗ್ಗಾ ಬಿಟ್ಟು ನೀವು ಎಂದರ ಹೊರಗ ಹೋಗೀರೇನು?"

ಹಾಳೆ ಮಡಚಿ ನನ್ನತ್ತ ನೋಡಿದರು. "ಚಿಲಕ ಇಲ್ಲದ ಬಾಗಿಲಿಗೆ ನೀವು ಬೀಗ ಹೆಂಗ ಹಾಕಿದ್ರಿ, ನದಾಫ್?"

"ತಪ್ಪಾತ್ರಿ ಸಾಹೇಬ್ರ" ಎಂದಷ್ಟೇ ಹೇಳಿದೆ. ಲಿಖಿತ ಎಚ್ಚರಿಕೆ ಕೊಟ್ಟು, ಅದೇ ದಿನ ನೋಟಿಸು ಮುಟ್ಟಿಸಿ ಬರಲು ಕಳಿಸಿದರು.

ಹೋಗಿ ನೋಡಿದರೆ ಬಾಗಿಲಿಗೆ ಹೊರಗೆ ಚಿಲಕವಿರಲಿಲ್ಲ. ಹಿಂದಿನ ಸಲ ಅದರತ್ತ ಕಣ್ಣೂ ಹಾಯಿಸಿರಲಿಲ್ಲ. ಗೌರವ್ವ ಸೊಸೆಯ ಹಾಳೆಯನ್ನು ಎರಡೆರಡು ಸಲ ಓದಿದರು. "ಅಕಿನೂ ತಾಯೇ ಅಲ್ರಿ" ಎಂದು ಸಹಿ ಹಾಕಿದರು. ಮಾತಾಡಿಸೋಣವೆಂದು ಮಗುವನ್ನು, "ನಿಮ್ಮವ್ವ ಎಲ್ಲೆದಾಳವಾ?" ಎಂದು ಕೇಳಿದೆ. ಅದು ಅಜ್ಜಿಯ ಕಡೆ ಬೆರಳು ತೋರಿಸಿತು. ಹೋದ ಸಲವೇ ಸಹಿ ತಂದಿದ್ದರೆ ಅದು ಹೆತ್ತವಳನ್ನು ಇಷ್ಟು ಮರೆಯುತ್ತಿರಲಿಲ್ಲ. ಮುಂದೆ ಸುಜಾತಾ ಬಂದು, ಹೈಕೋರ್ಟಿನಲ್ಲಿ ಗೆದ್ದು ಮಗಳನ್ನು ಕರೆದೊಯ್ದಳು. ಮಗು ಅಜ್ಜಿಯ ಸೆರಗು ಬಿಡದೆ ಅತ್ತಿತಂತೆ. ಕೇಳಿ ಸಂಕಟವಾಯಿತು. ಸುಳ್ಳೇಕೆ ಹೇಳಲಿ, ಸುಜಾತಾಳ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಅದೇ ವಾರ ನಾಚಿಕೆ ಬಿಟ್ಟು, ಮಗಳನ್ನು ನೋಡಲು ಅವಕಾಶ ಕೊಡಿಸಿರೆಂದು ಆ ಕಡೆಯ ಕೋರ್ಟಿಗೆ ಅರ್ಜಿ ಹಾಕಿದೆ. ಕೊಣ್ಣೂರಿಗೆ ಹೋದ ನೋಟಿಸು ಹದಿನೈದು ದಿನಕ್ಕೆ ತಿರುಗಿ ಬಂತು. ಹಿಂದೆ ಷರಾ ಇತ್ತು: "ಮನೆಗೆ ಬೀಗ ಹಾಕಿದೆ."

ಆ ಮನೆಯಲ್ಲಿ ನನ್ನ ಅತ್ತೆ ಹಾಸಿಗೆ ಹಿಡಿದು ಆರು ವರ್ಷವಾಗಿತ್ತು. ಅವರನ್ನು ಒಳಗೆ ಬಿಟ್ಟು ಯಾರೂ ಬೀಗ ಹಾಕುವವರಲ್ಲ. ಆದರೆ ಯಾವ ಬಾಯಿಂದ ದೂರಲಿ? ಎರಡನೆಯ ನೋಟಿಸಿಗೆ ಅರ್ಜಿ ಬರೆದು ಕೊಟ್ಟು ಬಂದೆ. ನಿವೃತ್ತನಾಗುವವರೆಗೂ ಹೊಸ ಬೇಲಿಫರಿಗೆ ನಾನು ಹೇಳಿಕೊಟ್ಟದ್ದು ಒಂದೇ ಪಾಠ: "ಬೀಗ ಅಂತ ಬರಿಯೂದಕ್ಕಿಂತ ಮೊದಲ ಅದನ್ನ ಕೈಲೆ ಹಿಡದು ನೋಡ್ರಿ."