ಬಳೆಗಾರ್ತಿ ಮುನ್ನೀ ಬೀಯ ಕೈ

ಹಬ್ಬ ಹತ್ತಿರ ಬಂದಾಗ ಹಿಪ್ಪುನೇರಳೆ ತೋಟಗಳ ನಡುವಿನ ಕಾಲುದಾರಿಯಲ್ಲಿ ಮೊದಲು ಸದ್ದು ಬರುತ್ತಿತ್ತು, ಆಮೇಲೆ ಮುನ್ನೀ ಬೀ ಬರುತ್ತಿದ್ದರು. ಬಳೆ ಸರಗಳನ್ನು ಕಟ್ಟಿ ಹೆಗಲಿಗೆ ಹಾಕಿಕೊಂಡ ಮಲಾರ ಹೆಜ್ಜೆ ಹಾಕಿದಾಗಲೆಲ್ಲ ಸಣ್ಣಗೆ ಗಲ್ ಎನ್ನುತ್ತಿತ್ತು. ದೂರದಿಂದ ನೋಡಿದರೆ ಬೆಳಗಿನ ಬಿಸಿಲೇ ಹಸಿರು, ಕೆಂಪು, ನೀಲಿಯಾಗಿ ಅವರ ಬೆನ್ನ ಮೇಲೆ ಕುಳಿತು ಬರುತ್ತಿರುವ ಹಾಗೆ ಕಾಣುತ್ತಿತ್ತು.

ಅವರು ಮುಳಬಾಗಿಲಿನವರು. ನಮ್ಮೂರವರು ಅವರನ್ನು ಬೂಬಮ್ಮ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಮಲಾರವನ್ನು ತಾವೇ ಹೊತ್ತು ಆವನಿ ಸುತ್ತಿನ ಹಳ್ಳಿಗಳನ್ನೆಲ್ಲ ತಿರುಗುತ್ತಿದ್ದರು. ಕಳೆ ಕಿತ್ತು ಗಟ್ಟಿಯಾದ ಕೈಗೂ ಬಿಗಿ ಬಳೆ ಏರಿಸುತ್ತಿದ್ದರು. ನೋವಾಗುತ್ತಿರಲಿಲ್ಲ, ಗುರುತು ಉಳಿಯುತ್ತಿರಲಿಲ್ಲ. ಅವರಿಗೆ ಹೆಮ್ಮೆ ಅಂತ ಇದ್ದದ್ದು ಅದೊಂದೇ.

ಮಕ್ಕಳ ಜೊತೆ ಅವರದೊಂದು ಆಟವಿತ್ತು. ಬಳೆ ತೊಡಿಸುವ ಮೊದಲು ಅಂಗೈಯನ್ನು ಮೆಲ್ಲಗೆ ಒತ್ತುತ್ತಿದ್ದರು. ಒತ್ತಿದ ಜಾಗ ಬೆಳ್ಳಗಾಗುತ್ತಿತ್ತು. "ಹೂವು ಮಲ್ಕೊಂತು," ಎನ್ನುತ್ತಿದ್ದರು. ಬೆರಳು ತೆಗೆದ ಕೂಡಲೇ ಕೆಂಪು ಹರಿದು ಬರುತ್ತಿತ್ತು. "ಎದ್ಬಿಡ್ತು ನೋಡು!" ಎಂದರೆ ಮಕ್ಕಳೆಲ್ಲ ನಗುತ್ತಿದ್ದವು.

ಎಂಬತ್ತನಾಲ್ಕನೇ ಇಸವಿಯ ಗೌರಿ ಹಬ್ಬಕ್ಕೆ ಅವರು ಬಂದಾಗ ನನ್ನ ತಂಗಿ ಶಾಮಲಳಿಗೆ ನಾಲ್ಕು ವರ್ಷ. ನಾನು ಶಾಲೆ ಬಿಟ್ಟಿದ್ದೆ. ಅವಳನ್ನು ಕಂಕುಳಲ್ಲಿ ಹೊತ್ತು ತಿರುಗುವುದೇ ನನ್ನ ಕೆಲಸವಾಗಿತ್ತು. ಆ ಮಳೆಗಾಲದಲ್ಲಿ ಅವಳು ಕೆಳಗೆ ಇಳಿಯುತ್ತಲೇ ಇರಲಿಲ್ಲ. ಕಾಲು ನೋವು ಎನ್ನುತ್ತಿದ್ದಳು. ಜ್ವರ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

"ಕಳ್ಳಿ ಇವ್ಳು. ಎತ್ಕೊಳ್ಳೋರು ಸಿಕ್ಕವ್ರೆ ಅಂತ ಕಾಲೇ ಮರ್ತವ್ಳೆ," ಎಂದು ಅಮ್ಮ ನಗುತ್ತಿದ್ದಳು.

ಮುನ್ನೀ ಬೀ ಶಾಮಲಳ ಅಂಗೈ ಒತ್ತಿದರು. "ಹೂವು ಮಲ್ಕೊಂತು." ಬೆರಳು ತೆಗೆದರು. ಅಂಗೈ ಮೇಣದ ಹಾಗೆ ಬೆಳ್ಳಗೇ ಇತ್ತು. ಶಾಮಲ ಕಾಯುತ್ತಾ ಅವರ ಮುಖ ನೋಡಿದಳು. ಅವರು ಇನ್ನೊಂದು ಅಂಗೈ ಒತ್ತಿ ನೋಡಿದರು. ಆಟದ ಮಾತು ಮುಂದುವರಿಯಲಿಲ್ಲ.

"ರತ್ನಮ್ಮಾ, ಮಗು ಸರಿಯಾಗಿ ಉಣ್ತದಾ?" ಎಂದು ಅಮ್ಮನನ್ನು ಕೇಳಿದರು.

"ಎಲ್ಲಿ ಉಣ್ತಾಳೆ ಬೂಬಮ್ಮ? ಮುದ್ದೆ ಕಂಡ್ರೆ ಮುಖ ತಿರುಗ್ಸ್ತಾಳೆ."

ಹಸಿರು ಬಳೆಗಳನ್ನು ಹತ್ತಿಯಲ್ಲಿ ಇಟ್ಟಷ್ಟು ಮೆಲ್ಲಗೆ ತೊಡಿಸಿ ಅವರು ಹೋದರು.

ಮರುದಿನ ಬೆಳಿಗ್ಗೆ ಶಾಮಲಳ ಕೈಯ ಸುತ್ತ ಬೆರಳಿನ ಗುರುತುಗಳು ನೇರಳೆ ಹಣ್ಣು ಹಿಂಡಿದ ಹಾಗೆ ಕಪ್ಪಗೆ ಮೂಡಿದ್ದವು. ಅಮ್ಮ ಆ ಕೈ ಹಿಡಿದು ಬೀದಿಗೆಲ್ಲ ತೋರಿಸಿದಳು. "ಮುದುಕಿಗೆ ದೊಡ್ಡೋರ ಕೈಯ್ಯಿ ಚಿಕ್ಕೋರ ಕೈಯ್ಯಿ ಒಂದೇ ಆಗೋಯ್ತು ಬಿಡು," ಎಂದು ಪಕ್ಕದ ಮನೆ ಆಂಜಿನಮ್ಮ ಹೇಳಿದ ಮಾತು ಮಲಾರಕ್ಕಿಂತ ಮೊದಲು ಊರೂರು ತಿರುಗಿತು.

ಮುಂದಿನ ವಾರ ಮುನ್ನೀ ಬೀ ಬರಿಗೈಯಲ್ಲಿ ನಮ್ಮ ಜಗಲಿಗೆ ಬಂದರು.

"ಏನ್ ಬೂಬಮ್ಮ, ಕೈಯ್ಯೇನು ಕಲ್ಲಾ ನಿಂದು? ಮಗಾ ಅಂತ ನೋಡ್ದೆ ಹಿಂಗಾ ಒತ್ತೋದು?" ಎಂದಳು ಅಮ್ಮ.

"ನಾನೇ ಒತ್ದೆ ಅಂತ ಇಟ್ಕೋ," ಎಂದರು ಅವರು. ನನ್ನ ಕಂಕುಳಿನಿಂದ ಶಾಮಲಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಲಂಗ ಸರಿಸಿದರು. "ಕಾಲಿಗೆ ಯಾರ್ ಒತ್ತಿದ್ರು? ಬೆನ್ನಿಗೆ?"

ಕಾಲಲ್ಲೂ ಬೆನ್ನಲ್ಲೂ ಅದೇ ನೇರಳೆ ಕಲೆಗಳು. ನಡುನಡುವೆ ಸೂಜಿ ಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಅಮ್ಮ ಅವನ್ನು ಬೆವರುಸಾಲೆ ಅಂದುಕೊಂಡಿದ್ದಳು. ಮುನ್ನೀ ಬೀ ಒಂದು ಚುಕ್ಕೆಯ ಮೇಲೆ ಬೆರಳಿಟ್ಟು ತೆಗೆದರು. ಬೆವರುಸಾಲೆಯಾದರೆ ಒತ್ತಿದಾಗ ಮಾಸಬೇಕು. ಇದು ಮಾಸಲಿಲ್ಲ.

"ಹಲ್ಲುಜ್ಜೋವಾಗ ವಸಡಲ್ಲಿ ರಕ್ತಾನೂ ಬರುತ್ತೆ," ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

"ಯಾವ ಕಾಯಿಲೆ ಅಂತ ನಂಗೊತ್ತಿಲ್ಲ ರತ್ನಮ್ಮಾ. ಕೋಲಾರಕ್ಕೆ ಕರ್ಕೊಂಡ್ಹೋಗಿ ರಕ್ತ ತೋರ್ಸು. ಏನೂ ಇಲ್ಲ ಅಂದ್ರೆ ನನ್ ಕೈಯ್ಯೇ ಕೆಟ್ಟದ್ದು. ಇನ್ ನಿಮ್ಮೂರ್ಗೆ ಮಲಾರ ತರಲ್ಲ."

ಮಾರನೆಯ ದಿನ ಅಪ್ಪ ಶಾಮಲಳನ್ನು ಹೆಗಲಿಗೆ ಹಾಕಿಕೊಂಡ. ನಾನೂ ಅಮ್ಮನೂ ಜೊತೆಗೆ ಬಸ್ಸು ಹತ್ತಿದೆವು.

ಕೋಲಾರದ ಡಾಕ್ಟರು ರಕ್ತ ನೋಡಿದ ಮೇಲೆ ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. "ಮಕ್ಕಳಿಗೆ ಜ್ವರ ಬರುತ್ತೆ, ಬಿದ್ದು ಏಟಾಗುತ್ತೆ, ಕಾಲೂ ನೋಯುತ್ತೆ. ಅದಕ್ಕೆಲ್ಲ ಹೆದರಬಾರದು. ಆದರೆ ಜ್ವರ ಬಿಟ್ಟುಬಿಟ್ಟು ಬರ್ತಾ ಇದ್ದು, ಮಗು ಬಿಳುಚಿಕೊಂಡು, ಏಟಿಲ್ಲದೆ ಕಲೆ ಬಿದ್ದರೆ ರಕ್ತ ನೋಡಿಸ್ಲೇಬೇಕು. ಇದು ರಕ್ತದ ಕ್ಯಾನ್ಸರ್ ಇರಬಹುದು. ಬೆಂಗಳೂರಿಗೆ ಹೋಗಿ, ತಡ ಮಾಡಬೇಡಿ. ಸೂಜಿ ಹಾಕ್ತಾರೆ, ಬಳೆ ತೆಗೆದಿಡಿ."

ಬಟ್ಟೆಬರೆ ಕಟ್ಟಿಕೊಳ್ಳಲು ಊರಿಗೆ ಬಂದೆವು. ಅಮ್ಮ ಸೋಪು ಹಚ್ಚಿ ಬಳೆ ಎಳೆದಳು. ಶಾಮಲ ಅತ್ತಳು. ಎಳೆದ ಕಡೆ ಹೊಸ ಕಲೆಯೊಂದು ಏಳತೊಡಗಿತು. ಒಡೆದು ತೆಗೆಯಲು ಅಮ್ಮನಿಗೆ ಮನಸ್ಸಿಲ್ಲ, ಗಾಜು ತಾಗಿ ರಕ್ತ ಬಂದರೆ ನಿಲ್ಲುವುದೂ ಇಲ್ಲ. ತನ್ನ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡು ಅಪ್ಪನಿಗೆ ಹೇಳಿದಳು: "ಸೈಕಲ್ ತಗೊಂಡ್ ಹೋಗಿ. ಬೂಬಮ್ಮನ್ನ ಕರ್ಕೊಂಡ್ಬನ್ನಿ."

ಮುನ್ನೀ ಬೀ ಬಂದಾಗ ಹೊತ್ತು ಇಳಿದಿತ್ತು. ಅಮ್ಮ ಎದುರಿಗೆ ಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ಸುಮ್ನಿರು ರತ್ನಮ್ಮಾ. ಮೊದ್ಲು ಮಗು ಮಲ್ಕೊಳ್ಲಿ. ನಿದ್ದೇಲಿ ಎಲುಬೂ ಮೆತ್ತಗಾಗ್ತದೆ."

ಅವರು ಹರಳೆಣ್ಣೆ ಸವರಿ ಶಾಮಲಳ ಕೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು ಕೂತರು. ಬಾಗಿಲಾಚೆ ಆವನಿ ಬೆಟ್ಟ ನೀಲಿಯಾಯಿತು, ಆಮೇಲೆ ಕಾಣದಾಯಿತು. ತಟ್ಟೆಯಲ್ಲಿ ರೇಷ್ಮೆ ಹುಳುಗಳು ಸೊಪ್ಪು ಮೇಯುವ ಸದ್ದು ದೂರದ ಮಳೆಯಂತಿತ್ತು. ನಾನು ನೋಡುತ್ತಲೇ ಇದ್ದೆ. ಆದರೂ ಬಳೆ ಯಾವಾಗ ಜಾರಿತೋ ತಿಳಿಯಲಿಲ್ಲ. ನೀರಿನಿಂದ ಎಲೆ ತೇಲಿ ಬಂದ ಹಾಗೆ ಒಂದೊಂದೇ ಬಂದವು.

ಬೆಳಿಗ್ಗೆ ಬಸ್ಸಿಗೆ ಮುಂಚೆ ಅಮ್ಮ ಆ ಕೈಯನ್ನು ದೀಪದ ಹತ್ತಿರ ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಕೈ ಮಾಡಿದ ಕಲೆಯೊಂದನ್ನು ಬಿಟ್ಟರೆ ಹೊಸದು ಯಾವುದೂ ಇರಲಿಲ್ಲ. ಬಳೆಗಳನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟಳು.

ಬೆಂಗಳೂರಿನ ಓಡಾಟ ವರ್ಷಗಟ್ಟಲೆ ನಡೆಯಿತು. ಶಾಮಲಳ ಕೂದಲು ಉದುರಿತು, ಮತ್ತೆ ಬಂತು. ಎಲ್ಲ ಮಕ್ಕಳಿಗೂ ಹೀಗೆ ವಾಸಿಯಾಗಲಿಲ್ಲ. ಪಕ್ಕದ ಮಂಚದ ಹುಡುಗಿಯೊಬ್ಬಳು ಮನೆಗೆ ಹೋಗಲೇ ಇಲ್ಲ. ಅವಳನ್ನು ತಡವಾಗಿ ತಂದಿದ್ದರಂತೆ.

ಔಷಧಿ ಮುಗಿದು ಬಂದ ಮೊದಲ ಗೌರಿ ಹಬ್ಬಕ್ಕೆ ಕಾಲುದಾರಿಯಲ್ಲಿ ಗಲ್ ಎಂದಿತು. ಶಾಮಲ ತನ್ನ ಕಾಲಲ್ಲೇ ಎದುರಿಗೆ ಓಡಿದಳು. ಅಮ್ಮ ಗೂಡಿನಿಂದ ಹಸಿರು ಬಳೆಗಳನ್ನು ತಂದು ಮುನ್ನೀ ಬೀಯ ಕೈಗಿಟ್ಟಳು. ಅವರು ಒಂದನ್ನು ಬೆರಳುಗಳ ಮೇಲಿಟ್ಟು ನೋಡಿ ನಕ್ಕುಬಿಟ್ಟರು.

"ಇದ್ ಆಗಲ್ಲ ರತ್ನಮ್ಮಾ. ಕೈ ಬೆಳ್ದೋಯ್ತು!"

ಮಲಾರದಿಂದ ದೊಡ್ಡ ಬಳೆ ಆರಿಸುವ ಮೊದಲು ಅವರು ಶಾಮಲಳ ಅಂಗೈ ಒತ್ತಿದರು. ಅಂಗೈ ಬೆಳ್ಳಗಾಯಿತು. ಅಮ್ಮ, ಅಪ್ಪ, ನಾನು ಮೂವರೂ ಬಗ್ಗಿದೆವು. ಬೆರಳು ತೆಗೆದರು.

"ಎದ್ಬಿಡ್ತು," ಎಂದಳು ಶಾಮಲ, ಅವರಿಗಿಂತ ಮೊದಲು.